ರಾಜ್ಯವಿಲ್ಲದ ದೊರೆಯ ಆಟದ ಭಂಡಾರ

ದೊಡ್ಡಬಳ್ಳಾಪುರದ ಬಳಿಯ ಮಧುರೆಯ ಸೀಮೆಯಲ್ಲಿ ವಿಕ್ರಮರಾಜನ ಕಥೆಯನ್ನು ಅರಿಯದವರು ವಿರಳ. ಚಿಕ್ಕಮಧುರೆಯ ಶನಿಮಹಾತ್ಮನ ದರ್ಶನಕ್ಕೆಂದು ಶನಿವಾರಗಳಲ್ಲಿ, ಅದರಲ್ಲಿಯೂ ಶ್ರಾವಣಮಾಸದ ಶನಿವಾರಗಳಲ್ಲಿ, ಬೆಂಗಳೂರಿನಿಂದ ಸಂಸಾರಸಮೇತರಾಗಿ ಬರುವವರು ಆ ಕಥೆಯನ್ನು ಮನೆಯ ಹಿರಿಯರ ಬಾಯಿಂದ ಕೇಳಿಯೇ ಇರುತ್ತಾರೆ. ಏಳೂವರೆ ವರ್ಷ ಶನಿ ಕಾಡಿದನು. ರಾಜ್ಯ ಹೋಯಿತು, ಕೈಕಾಲುಗಳು ಹೋದವು, ಗಾಣಿಗನ ಮನೆಯಲ್ಲಿ ಗಾಣದ ಎತ್ತು ಹೊಡೆಯುವ ಕಾಯಕ ಪಾಲಿಗೆ ಬಂದಿತು. ಕಡೆಗೆ ಕಾಟ ಕಳೆದು ಎಲ್ಲವೂ ಮರಳಿ ದೊರೆಯಿತು. ಕಥೆಯ ನ್ಯಾಯ ಅದು. ಇತಿಹಾಸದ ನ್ಯಾಯ ಅಷ್ಟು ದಯಾಳುವಲ್ಲ. ಮೈಸೂರಿನ ಒಬ್ಬ ಅರಸರು ಮೂವತ್ತಾರೂವರೆ ವರ್ಷ ರಾಜ್ಯವಿಲ್ಲದ ರಾಜರಾಗಿ ಬಾಳಿದರು. ಕೊನೆಯ ಉಸಿರಿನವರೆಗೂ ಅಧಿಕಾರ ಅವರ ಕೈಗೆ ಮರಳಲಿಲ್ಲ.

ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಧರ್ಮರಾಯನು ಪಗಡೆಯಾಡಿ ರಾಜ್ಯವನ್ನು ಕಳೆದುಕೊಂಡನೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಮುಮ್ಮಡಿಯವರ ಬಾಳಿನಲ್ಲಿ ಕ್ರಮ ತಿರುಗಿತು. ರಾಜ್ಯ ಮೊದಲು ಹೋಯಿತು, ಆಟ ಆಮೇಲೆ ತುಂಬಿಕೊಂಡಿತು. ಅವರು ಬರಿಯ ಆಟಗಾರರಾಗಿರಲಿಲ್ಲ. ಹೊಸ ಆಟಗಳನ್ನು ಕಲ್ಪಿಸಿದರು. ಅವುಗಳಿಗೆ ನಿಯಮಗಳನ್ನು ಕಟ್ಟಿದರು. ಎಲೆಗಳನ್ನೂ ಹಾಸುಗಳನ್ನೂ ಚಿತ್ರಕಾರರಿಂದ ಬರೆಯಿಸಿದರು. ಕೊನೆಗೆ ಅವೆಲ್ಲವನ್ನೂ ಒಂದು ಮಹಾಗ್ರಂಥದಲ್ಲಿ ಅಡಕಗೊಳಿಸಿದರು. ಆಟವನ್ನು ರಚಿಸುವುದು ಮತ್ತು ಆಟದ ಗ್ರಂಥವನ್ನು ಸಂಪಾದಿಸುವುದು ಇಂದು ಪಾಶ್ಚಾತ್ಯ ದೇಶಗಳಲ್ಲಿ ಹೊಟ್ಟೆಪಾಡಿನ ಉದ್ಯೋಗವೇ ಆಗಿದೆ. ಆ ಉದ್ಯೋಗಕ್ಕೆ ಕನ್ನಡನಾಡಿನಲ್ಲಿ ಹಿರಿಯನೊಬ್ಬನನ್ನು ಹುಡುಕಹೊರಟರೆ, ಹುಡುಕುವವನು ಮೈಸೂರಿನ ಅರಮನೆಯ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ.

ಐದು ವರ್ಷದ ದೊರೆ

ಮುಮ್ಮಡಿಯವರು ಹುಟ್ಟಿದುದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ಆ ಮನೆತನಕ್ಕೆ ಹೆಸರು ಮಾತ್ರ ಉಳಿದಿತ್ತು, ರಾಜ್ಯವೆಲ್ಲ ಟಿಪ್ಪುಸುಲ್ತಾನನದು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಇನ್ನೂ ಐದು ತುಂಬದ ಬಾಲಕನಿಗೆ ಅದೇ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಆಶ್ರಯದಲ್ಲಿ ಬಾಲಕ ಬೆಳೆದನು. ರಾಜ್ಯದ ಲಗಾಮು ದಿವಾನ್ ಪೂರ್ಣಯ್ಯನವರ ಕೈಯಲ್ಲಿದ್ದಿತು. ಹದಿನಾರು ತುಂಬಿದ ಮೇಲೆ, 1811ರ ಸುಮಾರಿಗೆ, ಆಡಳಿತ ದೊರೆಯ ಕೈಗೆ ಬಂದಿತು. ಮರುವರ್ಷ ಪೂರ್ಣಯ್ಯನವರು ತೀರಿಕೊಂಡರು.

ಮುಂದಿನ ಇಪ್ಪತ್ತು ವರ್ಷ ಮಹಾರಾಜರು ತಾವೇ ಆಳಿದರು. ವಿದ್ವಾಂಸರು, ಗಾಯಕರು, ಚಿತ್ರಕಾರರು ಅವರ ಆಸ್ಥಾನದಲ್ಲಿ ನೆರೆದರು. ಕೆಂಪುನಾರಾಯಣನ ‘ಮುದ್ರಾಮಂಜೂಷ’ ಹುಟ್ಟಿದುದು ಈ ಕಾಲದಲ್ಲಿಯೇ, 1823ರಲ್ಲಿ. ಆದರೆ ಖಜಾನೆ ಸೊರಗಿತು. ದಾನದತ್ತಿಗಳೂ ದರ್ಬಾರಿನ ವೆಚ್ಚಗಳೂ ಬೆಳೆದವು. ಕಂದಾಯ ವಸೂಲಿಯ ಗುತ್ತಿಗೆದಾರರ ಕಾಟದಿಂದ ರೈತ ನಲುಗಿದನು. 1830ರಲ್ಲಿ ನಗರದ ಸೀಮೆಯಲ್ಲಿ ದಂಗೆಯೆದ್ದಿತು. ಅದೇ ನೆಪವಾಗಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನು ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಪ್ರಜೆಗಳ ಸಂಕಟ ಸುಳ್ಳಲ್ಲ. ಆದರೆ ಅದಕ್ಕೆ ತೆಗೆದುಕೊಂಡ ಮದ್ದು ತೀರ ಉಗ್ರವಾಯಿತೆಂಬ ಮಾತು ಆಂಗ್ಲರ ನಡುವೆಯೇ ಆಮೇಲೆ ಕೇಳಿಬಂದಿತು.

ಆಗ ಮಹಾರಾಜರಿಗೆ ಮೂವತ್ತೇಳು ವರ್ಷ. ಅರಮನೆ ಉಳಿಯಿತು, ಸಿಂಹಾಸನ ಉಳಿಯಿತು, ದಸರೆಯ ದರ್ಬಾರು ಉಳಿಯಿತು. ವರ್ಷಕ್ಕೆ ಒಂದು ಲಕ್ಷ ವರಹ, ಅದರ ಮೇಲೆ ರಾಜ್ಯದ ನಿವ್ವಳ ಹುಟ್ಟುವಳಿಯಲ್ಲಿ ಐದನೆಯ ಒಂದು ಪಾಲು ಅವರಿಗೆ ಸಲ್ಲುತ್ತಿದ್ದಿತು. ಇಲ್ಲದುದು ಅಧಿಕಾರ ಒಂದೇ. ಕಮಿಷನರನ ಕಚೇರಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲಗಳ ರೈತರು ಕೊಟ್ಟ ಕಂದಾಯದ ಲೆಕ್ಕ ಆ ಕಚೇರಿಗೆ ಒಪ್ಪುತ್ತಿದ್ದಿತು. ಅವರ ಬಾಯಲ್ಲಿ ದೊರೆಯ ಹೆಸರು ಮಾತ್ರ ಮೈಸೂರಿನದು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಆ ಕಚೇರಿಯಲ್ಲಿ ಕುಳಿತು ನಾಡನ್ನು ಆಳಿದನು. ಮಹಾರಾಜರು ಒಬ್ಬ ಗವರ್ನರ್ ಜನರಲ್‌ನ ನಂತರ ಇನ್ನೊಬ್ಬನಿಗೆ ಖರೀತೆಗಳನ್ನು ಬರೆದರು. ಕೊಟ್ಟ ರಾಜ್ಯವನ್ನು ಮರಳಿಸಬೇಕೆಂದು ನ್ಯಾಯ ಕೇಳಿದರು. ಉತ್ತರ ಬರಲು ತಿಂಗಳುಗಳು ಹಿಡಿಯುತ್ತಿದ್ದವು. ಬಂದ ಉತ್ತರದಲ್ಲಿ ಮರ್ಯಾದೆಗೆ ಕೊರತೆಯಿರುತ್ತಿರಲಿಲ್ಲ, ರಾಜ್ಯ ಮಾತ್ರ ಇರುತ್ತಿರಲಿಲ್ಲ.

ಖರೀತೆಗೂ ಖರೀತೆಗೂ ನಡುವಣ ದೀರ್ಘಕಾಲವನ್ನು ಒಬ್ಬ ಬುದ್ಧಿವಂತ ದೊರೆ ಹೇಗೆ ಕಳೆಯಬೇಕು? ಬೇಟೆ, ಭೋಜನ, ಮದಿರೆಗಳಲ್ಲಿ ಮುಳುಗಿದ ಅರಸರ ನಿದರ್ಶನಗಳು ಅಂದಿನ ಭಾರತದಲ್ಲಿ ಬೇಕಾದಷ್ಟಿದ್ದವು. ಮುಮ್ಮಡಿಯವರು ಹಿಡಿದ ದಾರಿ ಬೇರೆ.

ಒಂಬತ್ತು ನಿಧಿಗಳು

ಅವರು ಗ್ರಂಥವನ್ನು ಹಿಡಿದರು. ಮುಮ್ಮಡಿಯವರ ಅಂಕಿತದಲ್ಲಿ ಐವತ್ತಕ್ಕೂ ಮಿಕ್ಕಿದ ಕೃತಿಗಳು ಉಳಿದಿವೆಯೆಂದು ವಿದ್ವಾಂಸರು ಎಣಿಸುತ್ತಾರೆ. ಅವೆಲ್ಲವೂ ಅವರ ಲೇಖನಿಯಿಂದಲೇ ಬಂದವೆಂದು ಯಾರೂ ವಾದಿಸುವುದಿಲ್ಲ. ಆಸ್ಥಾನದ ಪಂಡಿತರು ಶ್ಲೋಕಗಳನ್ನು ಹುಡುಕಿ ತಂದರು, ಲಿಪಿಕಾರರು ಬರೆದರು, ಚಿತ್ರಕಾರರು ಬಣ್ಣ ತುಂಬಿದರು. ಏನು ಬೇಕು, ಏನು ಬೇಡ, ಯಾವುದು ಮೊದಲು, ಯಾವುದು ಅನಂತರ ಎಂಬುದು ದೊರೆಯ ಇಚ್ಛೆಯಂತೆ ನಡೆಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಅದು ಪ್ರಧಾನ ಸಂಪಾದಕನ ಕೆಲಸ.

ಈ ಸಂಪಾದನೆಯ ಮಹಾಫಲವೇ ‘ಶ್ರೀತತ್ತ್ವನಿಧಿ’. ಗ್ರಂಥವು ಒಂಬತ್ತು ನಿಧಿಗಳಾಗಿ ಹಂಚಿಕೊಂಡಿದೆ: ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ ಮತ್ತು ಕೌತುಕನಿಧಿ. ಸಂಸ್ಕೃತದ ಶ್ಲೋಕಗಳು ಕನ್ನಡ ಲಿಪಿಯಲ್ಲಿವೆ. ಒಂದೊಂದು ದೇವತೆಯ ಧ್ಯಾನಶ್ಲೋಕಕ್ಕೂ ಅದರಂತೆಯೇ ಬರೆದ ವರ್ಣಚಿತ್ರವಿದೆ. ಶ್ಲೋಕದಲ್ಲಿ ನಾಲ್ಕು ಕೈಗಳಿದ್ದರೆ ಚಿತ್ರದಲ್ಲಿಯೂ ನಾಲ್ಕು; ಶ್ಲೋಕದಲ್ಲಿ ಹಳದಿ ವಸ್ತ್ರವಿದ್ದರೆ ಚಿತ್ರದಲ್ಲಿಯೂ ಹಳದಿ. ಮಾತಿಗೂ ಚಿತ್ರಕ್ಕೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಸಂಪಾದಕನ ಮೊದಲ ಧರ್ಮವೆಂಬುದನ್ನು ಆ ಅರಮನೆ ಚೆನ್ನಾಗಿ ಅರಿತಿದ್ದಿತು.

ಕಡೆಯದಾದ ಕೌತುಕನಿಧಿ ಹೆಸರಿಗೆ ತಕ್ಕಂತೆ ಕೌತುಕಗಳ ಭಂಡಾರ. ಅದರಲ್ಲಿ 122 ಯೋಗಾಸನಗಳ ವಿವರಣೆಯಿದೆ. 1996ರಲ್ಲಿ ಎನ್. ಇ. ಷೋಮನ್ ಎಂಬ ವಿದ್ವಾಂಸನು ಆ ಭಾಗವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಜಗತ್ತಿನ ಯೋಗಾಭ್ಯಾಸಿಗಳೆಲ್ಲ ಮೈಸೂರಿನತ್ತ ತಿರುಗಿ ನೋಡಿದರು. ಅದೇ ನಿಧಿಯಲ್ಲಿ ಆಸನಗಳ ನೆರೆಯಲ್ಲಿಯೇ ಆಟಗಳೂ ಇವೆ. ದೇವತೆಗಳ ಧ್ಯಾನ, ಗ್ರಹಗಳ ಲಕ್ಷಣ, ಆಗಮಗಳ ಶಾಸ್ತ್ರ ಇವುಗಳ ಸಾಲಿನಲ್ಲಿ ಎಲೆಯಾಟಕ್ಕೂ ಒಂದು ಗೌರವದ ಮಣೆ ಹಾಕಿದ ಗ್ರಂಥ ಅಪರೂಪವೇ ಸರಿ.

ಇದು ಕನ್ನಡನಾಡಿನ ಅರಸುಮನೆಗಳಿಗೆ ತೀರ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ಐದು ವಿಂಶತಿಗಳಲ್ಲಿ ಕಡೆಯದು ಕ್ರೀಡಾವಿಂಶತಿ. ಆದರೆ ಸೋಮೇಶ್ವರನು ರಾಜ್ಯವಾಳುತ್ತ, ರಾಜನಾದವನು ಹೇಗೆ ವಿನೋದಿಸಬೇಕೆಂದು ಬರೆದನು. ಮುಮ್ಮಡಿಯವರಿಗೆ ಆಳಲು ಉಳಿದುದು ಆ ಆಟದ ಎಲೆಗಳೇ.

ಎಲೆಗಳ ಮೇಲಣ ಸೈನ್ಯ

ಗಂಜೀಫಾ ಎಂಬ ಎಲೆಯಾಟ ಮೊಗಲರ ಕಾಲದಲ್ಲಿ ಭಾರತದಲ್ಲಿ ಬೇರೂರಿತು. ಎಲೆಗಳು ದುಂಡಗೆ ಬಿಲ್ಲೆಗಳಂತಿರುತ್ತವೆ. ಶ್ರೀಮಂತರ ಕಟ್ಟುಗಳು ದಂತದವು, ಆಮೆಯ ಚಿಪ್ಪಿನವು. ಸಾಮಾನ್ಯರವು ಬಟ್ಟೆ ಕಾಗದಗಳನ್ನು ಅಂಟಿಸಿ ಮೇಲೆ ಅರಗಿನ ಮೆರುಗು ಕೊಟ್ಟವು. ಮೊಗಲ್ ಗಂಜೀಫಾದಲ್ಲಿ ಎಂಟು ರಂಗುಗಳು. ರಂಗಿಗೆ ಹನ್ನೆರಡರಂತೆ 96 ಎಲೆಗಳು. ಹಿಂದೂ ಮನೆಗಳಲ್ಲಿ ಅದು ದಶಾವತಾರದ ರೂಪ ತಾಳಿತು: ಹತ್ತು ಅವತಾರಗಳಿಗೆ ಹತ್ತು ರಂಗು, ಒಟ್ಟು 120 ಎಲೆ. ಪ್ರತಿಯೊಂದು ರಂಗಿನಲ್ಲಿಯೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕಿಯ ಎಲೆಗಳು. ಅರ್ಧದಷ್ಟು ರಂಗುಗಳಲ್ಲಿ ಮಂತ್ರಿಯ ಅನಂತರ ಹತ್ತು ಬಲಿಷ್ಠ. ಉಳಿದರ್ಧದಲ್ಲಿ ಒಂದೇ ಬಲಿಷ್ಠ. ಹಗಲಿನಲ್ಲಿ ಆಡಿದರೆ ರಾಮನ ಎಲೆಯುಳ್ಳವನು ಆಟ ತೆಗೆಯಬೇಕು, ಇರುಳಿನಲ್ಲಿ ಆಡಿದರೆ ಕೃಷ್ಣನ ಎಲೆಯುಳ್ಳವನು. ಎಂತಹ ಸೊಗಸಿನ ನಿಯಮ! ಸೂರ್ಯನೂ ಆಟದಲ್ಲಿ ಒಬ್ಬ ಪಾಲುದಾರ.

ಮುಮ್ಮಡಿಯವರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಗಂಜೀಫಾವನ್ನು ಬುನಾದಿಯಾಗಿಟ್ಟುಕೊಂಡು ಹೊಸ ಆಟಗಳ ಒಂದು ಮಾಲೆಯನ್ನೇ ಕಟ್ಟಿದರು. ಅವುಗಳಿಗೆ ‘ಛದ’ವೆಂದು ಹೆಸರು, ಛದವೆಂದರೆ ಎಲೆ. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಮುಂತಾಗಿ ಒಂದೊಂದಕ್ಕೂ ಒಂದು ದೇವತಾಪರಿವಾರ ಅಥವಾ ಪುರಾಣದ ಪ್ರಪಂಚ. ಮಧುರೆಯ ಭಕ್ತರು ಎಣ್ಣೆಬತ್ತಿಯಿಂದ ಸೇವಿಸುವ ಶನಿದೇವನಿಗೂ ನವಗ್ರಹಗಳ ಪರಿವಾರದಲ್ಲಿ ಸ್ಥಾನವಿರುವುದು ಸಹಜವಷ್ಟೆ. ಹನ್ನೆರಡು ಎಲೆಗಳ ರಂಗು ಮೈಸೂರಿನಲ್ಲಿ ಹದಿನೆಂಟರವರೆಗೆ ಬೆಳೆಯಿತು: ಹನ್ನೆರಡು ಅಂಕಿಯ ಎಲೆ, ಆರು ಆಸ್ಥಾನದ ಎಲೆ. ರಂಗುಗಳೂ ಕೆಲವು ಆಟಗಳಲ್ಲಿ ಹದಿನೆಂಟರವರೆಗೆ ಏರಿದವು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು! ಗಂಜೀಫಾದಲ್ಲಿ ರೂಢಿಯಿಲ್ಲದ ತುರುಫನ್ನು ಅವರು ಸ್ಥಿರವಾಗಿ ನೆಲೆಗೊಳಿಸಿದರು. ಯಾವ ಎಲೆಯ ಬದಲಿಗೂ ನಿಲ್ಲಬಲ್ಲ ಬಹುರೂಪಿ ಎಲೆಗಳನ್ನೂ ಸೇರಿಸಿದರು.

ಇಸ್ಪೀಟಿನ 52 ಎಲೆಗಳಲ್ಲಿ ಯಾವುದು ಬಿದ್ದಿತು, ಯಾವುದು ಉಳಿಯಿತು ಎಂದು ನೆನಪಿಡುವುದರಲ್ಲಿಯೇ ಸುಸ್ತಾಗುವವರು 360 ಎಲೆಗಳ ಆಟವನ್ನು ಊಹಿಸಿಕೊಳ್ಳಬೇಕು. ಆಡುವವನಿಗೆ ಜ್ಞಾಪಕಶಕ್ತಿಯಿದ್ದರೆ ಸಾಲದು. ಎಲೆಯ ಮೇಲಣ ದೇವತೆ ಯಾರು, ಅವರ ವಾಹನವೇನು, ಆಯುಧವೇನು ಎಂಬುದನ್ನು ಕಂಡೊಡನೆ ಗುರುತಿಸುವ ಸಂಸ್ಕಾರವೂ ಬೇಕು. ಶ್ರೀತತ್ತ್ವನಿಧಿಯ ಮೊದಲ ಎಂಟು ನಿಧಿಗಳನ್ನು ಓದಿದವನಿಗೆ ಮಾತ್ರ ಒಂಬತ್ತನೆಯ ನಿಧಿಯ ಆಟ ಸುಲಭ. ಗ್ರಂಥವು ಆಟಕ್ಕೆ ಕೋಶ. ಆಟವು ಗ್ರಂಥಕ್ಕೆ ಪರೀಕ್ಷೆ. ದೊರೆಯೇ ಆಟದ ಕರ್ತೃವೂ ಗ್ರಂಥದ ಸಂಪಾದಕನೂ ಆದುದರ ಫಲವಿದು.

ಕುದುರೆಯ ಕಟ್ಟು

ಎಲೆಯಾಟಕ್ಕೆ ಜೊತೆಗಾರರು ಬೇಕು. ಒಬ್ಬನೇ ಕುಳಿತಾಗ ಮಹಾರಾಜರಿಗೆ ಪ್ರಿಯವಾದುದು ಚದುರಂಗದ ಕುದುರೆ. ‘ಚತುರಂಗಸಾರಸರ್ವಸ್ವ’ವೆಂಬ ಗ್ರಂಥವು ಅವರ ಹೆಸರಿನಲ್ಲಿದೆ. ಕುದುರೆಯ ನಡೆ ಎಲ್ಲರಿಗೂ ತಿಳಿದುದೇ: ನೇರವಾಗಿ ಎರಡು ಮನೆ, ಪಕ್ಕಕ್ಕೆ ಒಂದು ಮನೆ. ಈ ನಡೆಯಿಂದಲೇ ಅರುವತ್ತನಾಲ್ಕು ಮನೆಗಳನ್ನೂ, ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ, ಸುತ್ತಿ ಬರಲು ಸಾಧ್ಯವೇ?

ಪ್ರಶ್ನೆ ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟನು ಇದನ್ನು ಚಿತ್ರಕಾವ್ಯದ ಚಮತ್ಕಾರವನ್ನಾಗಿ ಮಾಡಿದನು. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿಯೂ ಇಂತಹ ತುರಗಬಂಧವುಂಟು: ಒಂದು ಶ್ಲೋಕದ ಅಕ್ಷರಗಳನ್ನು ಮನೆಗೊಂದರಂತೆ ಇಟ್ಟು ಕುದುರೆಯ ನಡೆಯಲ್ಲಿ ಓದಿದರೆ ಮತ್ತೊಂದು ಶ್ಲೋಕ ಹೊರಡುತ್ತದೆ. ಯೂರೋಪಿನಲ್ಲಿ 1759ರಲ್ಲಿ ಆಯ್ಲರನೆಂಬ ಗಣಿತಜ್ಞನು ಇದನ್ನು ಗಣಿತದ ಕಣ್ಣಿನಿಂದ ನೋಡಿದನು.

ಮುಂದಿನ ಮೆಟ್ಟಿಲು ಇನ್ನೂ ಕಡಿದಾದುದು. ಕುದುರೆ ಮೆಟ್ಟಿದ ಮನೆಗಳಿಗೆ ಒಂದರಿಂದ ಅರುವತ್ತನಾಲ್ಕರವರೆಗೆ ಅಂಕಿ ಹಾಕುತ್ತ ಹೋದರೆ, ಅಡ್ಡಸಾಲು ನೀಟಸಾಲುಗಳೆಲ್ಲದರ ಮೊತ್ತವೂ ಒಂದೇ ಆಗಬೇಕು. ಒಂದರಿಂದ ಅರುವತ್ತನಾಲ್ಕರವರೆಗಿನ ಮೊತ್ತ 2080. ಎಂಟು ಸಾಲುಗಳಿಗೆ ಹಂಚಿದರೆ ಸಾಲಿಗೆ 260. ಕುದುರೆ ತನ್ನ ದಾರಿಯನ್ನು ಬಿಡಬಾರದು, ಲೆಕ್ಕವೂ ತಪ್ಪಬಾರದು. 1848ರಲ್ಲಿ ಬೆವರ್ಲಿ ಎಂಬ ಆಂಗ್ಲನು ಇಂತಹ ಒಂದು ಕಟ್ಟನ್ನು ಪ್ರಕಟಿಸಿದನು. ಅದೇ ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿಯೂ ಅಂಕಿಗಳೊಡನೆ ಕುದುರೆ ಓಡುತ್ತಿದ್ದಿತು. ಮುಮ್ಮಡಿಯವರ ಹೆಸರಿನಲ್ಲಿ ಉಳಿದಿರುವ ನಡೆಗಳಲ್ಲಿ ಮಾಯಾಚೌಕದ ಗುಣವುಳ್ಳವೂ ಸೇರಿವೆ. ಕುದುರೆಯ ಕಟ್ಟಿನ ಚರಿತ್ರೆ ಬರೆಯುವವರು ಇಂದಿಗೂ ಮೈಸೂರಿನ ರಾಜನನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ.

ಅಡ್ಡ, ನೀಟಗಳ ಜೊತೆಗೆ ಎರಡು ಮೂಲೆಗೆರೆಗಳ ಮೊತ್ತವೂ 260 ಆಗಬಲ್ಲುದೇ ಎಂಬ ಸಂದೇಹ ಮಾತ್ರ ನೂರೈವತ್ತು ವರ್ಷ ಬಿಡದೆ ಕಾಡಿತು. 2003ರಲ್ಲಿ ಗಣಕಯಂತ್ರಗಳು ಅರುವತ್ತೊಂದು ದಿನಗಳಿಗೂ ಮೀರಿ ಲೆಕ್ಕಹಾಕಿ, ಎಂಟು ಮನೆಯ ಹಾಸಿನಲ್ಲಿ ಅದು ಅಸಾಧ್ಯವೆಂದು ತೀರ್ಪು ಕೊಟ್ಟವು. ಅಡ್ಡ, ನೀಟಗಳು ಮಾತ್ರ ಒಪ್ಪುವ ಬೇರೆಬೇರೆ ಕಟ್ಟುಗಳು ಒಟ್ಟು 140 ಎಂದೂ ಎಣಿಸಿದವು. ಯಂತ್ರಗಳು ಅಷ್ಟು ದಿನ ಬೆವರಿದ ಕೆಲಸಕ್ಕೆ ಮಹಾರಾಜರು ಬರಿಯ ಬುದ್ಧಿಯನ್ನು ನೆಚ್ಚಿ ಕೈಯಿಟ್ಟಿದ್ದರೆಂಬುದು ಸಾಮಾನ್ಯದ ಮಾತಲ್ಲ.

ಈ ಬಿಡುವಿಲ್ಲದ ಆಸಕ್ತಿಯ ಗುರುತುಗಳು ಗೋಡೆಯನ್ನೂ ಏರಿದವು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಮೇಲಂತಸ್ತಿನ ರಂಗಮಹಲಿನ ಭಿತ್ತಿಗಳ ಮೇಲೆ ರಾಜವಂಶದ ಚಿತ್ರಗಳ ನೆರೆಯಲ್ಲಿ ಆಟದ ಹಾಸುಗಳ ಚಿತ್ರಗಳೂ ಇವೆ. ಮಹಾರಾಜರ ಆಟಗಳಲ್ಲಿ ಒಂದರ ಹೆಸರು ‘ದೇವೀಸಾಯುಜ್ಯ’. ದೇವಿಯೊಡನೆ ಒಂದಾಗುವುದು ಎಂದು ಅದರ ಅರ್ಥ. ಕಾಯಿ ಹಣ್ಣಾಗುವುದೆಂದು ಮಕ್ಕಳು ಹೇಳುವ ಮಾತಿಗೆ ದೊರೆ ಇಟ್ಟ ಹೆಸರು ಅದು.

ಸಮುದ್ರದಾಚೆಯ ಸೋದರರು

ಮುಮ್ಮಡಿಯವರಿಗೆ ಮೂವತ್ತು ವರ್ಷವಾಗಿದ್ದಾಗ, 1824ರಲ್ಲಿ, ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ತರುಣ ಸೇನಾಧಿಕಾರಿ, ತಂದೆ ತೊಡಗಿಸಿದ್ದ ಒಂದು ಯುದ್ಧದಾಟವನ್ನು ತಿದ್ದಿ ಅಚ್ಚುಹಾಕಿಸಿದನು. ಭೂಪಟದ ಮೇಲೆ ಎರಡು ಸೈನ್ಯ; ನಡುವೆ ಒಬ್ಬ ಮಧ್ಯಸ್ಥ. ಆಡುವವರು ಆಜ್ಞೆ ಕೊಡುತ್ತಾರೆ. ಮಧ್ಯಸ್ಥನು ದಾಳ ಹಾಕಿ ಫಲ ಹೇಳುತ್ತಾನೆ. ಈ ಮಧ್ಯಸ್ಥನೇ ಒಂದೂವರೆ ಶತಮಾನದ ಅನಂತರ ಅಮೆರಿಕದಲ್ಲಿ ಕಥೆಗಾರನ ರೂಪದಲ್ಲಿ ಮರುಹುಟ್ಟು ಪಡೆದನು.

ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ವಿಮೆಯ ಕಂಪೆನಿಯ ನೌಕರ. 1970ರಲ್ಲಿ ಕೆಲಸ ಹೋಯಿತು. ಮನೆಯ ನೆಲಮಾಳಿಗೆಯಲ್ಲಿ ಜೋಡು ರಿಪೇರಿ ಮಾಡುತ್ತ ಸಂಸಾರ ಸಾಗಿಸಿದನು. ಡೇವ್ ಆರ್ನೆಸನ್ ಎಂಬ ಜೊತೆಗಾರನೊಡನೆ ಅವನು ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ 1974ರಲ್ಲಿ ಮೂರು ಕಿರುಪುಸ್ತಕಗಳಾಗಿ ಹೊರಬಂದಿತು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕಥೆ ನಡೆಸುತ್ತಾನೆ; ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ; ಹಲವು ಮುಖದ ದಾಳಗಳು ವಿಧಿಯ ಕೆಲಸ ಮಾಡುತ್ತವೆ. ವೇಷ ಕಟ್ಟದೆ, ರಂಗವೇರದೆ, ಕುಳಿತಲ್ಲಿಯೇ ಆಡುವ ಬಯಲಾಟವೆಂದರೂ ಸಲ್ಲುತ್ತದೆ. ಕಥೆ ನಡೆಸುವವನು ಭಾಗವತ. ವಿರಾಟನ ಮನೆಯಲ್ಲಿ ಧರ್ಮರಾಯನು ಕಂಕನಾಗಿ, ಭೀಮನು ವಲಲನಾಗಿ, ಅರ್ಜುನನು ಬೃಹನ್ನಳೆಯಾಗಿ ನಡೆದುಕೊಂಡ ಕಥೆಯನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯ ಆಟದ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಯೂ ಸಂಪಾದಕನ ಪಾತ್ರ ಸಣ್ಣದಲ್ಲ. ಟಿಮ್ ಕಾಸ್ಕ್ ಎಂಬಾತನು ಆ ಸಂಸ್ಥೆಯಲ್ಲಿ ಸಂಪಾದಕನಾಗಿ ಸೇರಿ ಆಟದ ಮುಂದಿನ ಪುಸ್ತಕಗಳನ್ನು ತಿದ್ದಿದನು. 1976ರಲ್ಲಿ ಆರಂಭವಾದ ‘ದಿ ಡ್ರ್ಯಾಗನ್’ ಪತ್ರಿಕೆಗೂ ಅವನೇ ಮೊದಲ ಸಂಪಾದಕ. ಕಲ್ಪಿಸಿದವನ ತಲೆಯಲ್ಲಿರುವ ನಿಯಮ ಆಡುವವನ ಕೈಗೆ ತಲಪುವುದು ತಿದ್ದಿದ ಪುಟದ ಮೂಲಕ. ನಿಯಮದಲ್ಲಿ ಒಂದು ಮಾತು ಸಡಿಲವಾದರೆ ಮೇಜಿನ ಸುತ್ತ ಜಗಳ ತಪ್ಪಿದ್ದಲ್ಲ. ಗೈಗ್ಯಾಕ್ಸನಿಗೂ ರಾಜ್ಯನಷ್ಟ ತಪ್ಪಲಿಲ್ಲ. ತಾನೇ ಸ್ಥಾಪಿಸಿದ ಸಂಸ್ಥೆಯ ಹಿಡಿತ 1985ರಲ್ಲಿ ಅವನ ಕೈತಪ್ಪಿತು. ಆದರೂ ಅವನು ಬರೆಯುವುದನ್ನು ಬಿಡಲಿಲ್ಲ. 2008ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನ ಆಟ ಭೂಮಂಡಲವನ್ನೇ ಸುತ್ತಿದ್ದಿತು.

ಉಳಿದುದೇನು?

ಲೇಕ್ ಜಿನೀವಾದ ಆಟ ಜಗತ್ತನ್ನು ಸುತ್ತಿತು. ಮೈಸೂರಿನ ಛದಗಳು ಅರಮನೆಯ ಹೊಸಿಲು ದಾಟಿದಂತೆ ಕಾಣುವುದಿಲ್ಲ. ಕಾರಣ ಹುಡುಕುವುದು ಕಷ್ಟವಲ್ಲ. ಕೈಯಿಂದ ಬರೆದ ಮುನ್ನೂರರವತ್ತು ಎಲೆಗಳ ಕಟ್ಟನ್ನು ಯಾವ ಗೃಹಸ್ಥನು ಕೊಂಡಾನು? ಮಹಾರಾಜರು ರಾಜ್ಯ ಕಳೆದುಕೊಂಡ ಆ ದಿನಗಳಲ್ಲಿಯೇ ಲಂಡನ್ನಿನ ಡ ಲ ರೂ ಎಂಬ ಮುದ್ರಕನು ಇಸ್ಪೀಟೆಲೆಗಳನ್ನು ಬಣ್ಣದಲ್ಲಿ ಯಂತ್ರದಿಂದ ಅಚ್ಚುಹಾಕುವ ಸನ್ನದನ್ನು ಪಡೆದಿದ್ದನು. ಅಗ್ಗದ ಐವತ್ತೆರಡು ಎಲೆಗಳು ಹಡಗೇರಿ ಬಂದ ಮೇಲೆ ದುಂಡನೆಯ ಗಂಜೀಫಾವೇ ಕಾಲ್ತೆಗೆಯಿತು. ಇನ್ನು ಛದದ ಪಾಡೇನು? ಇದಕ್ಕಿಂತ ದೊಡ್ಡ ಕಾರಣ ಮತ್ತೊಂದು. ಆಟವು ಬಾಯಿಂದ ಬಾಯಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಹರಿದಾಗ ಬದುಕುತ್ತದೆ. ಬರೆದಿಟ್ಟ ನಿಯಮ ಬೀಜದಂತೆ. ನೆಲಕ್ಕೆ ಬಿದ್ದಾಗಲೇ ಮೊಳಕೆ. ಮುಮ್ಮಡಿಯವರಲ್ಲಿದ್ದ ಕರ್ತೃ ಸೋತನು; ಅವರಲ್ಲಿದ್ದ ಸಂಪಾದಕ ಗೆದ್ದನು.

ಗೆಲುವು ಸಣ್ಣದಲ್ಲ. ಶ್ರೀತತ್ತ್ವನಿಧಿಯ ಮೊದಲ ಕೆಲವು ನಿಧಿಗಳು ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯದಿಂದ ಅಚ್ಚಾಗಿ ಬಂದವು. ಆಮೇಲೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ಸಂಪುಟಗಳನ್ನು ಪ್ರಕಟಿಸಿತು. ಜರ್ಮನಿಯವನಾದ ರುಡಾಲ್ಫ್ ಫಾನ್ ಲೈಡನ್ 1982ರಲ್ಲಿ ಗಂಜೀಫಾ ಕುರಿತು ಬರೆದ ಪುಸ್ತಕದಿಂದ ಮೈಸೂರಿನ ಎಲೆಗಳ ಸೊಗಸು ಹೊರಗಿನವರಿಗೂ ತಿಳಿಯಿತು. ವಿದುಷಿ ಆರ್. ವಸಂತಾ ಅವರು ಮಹಾರಾಜರ ಆಟಗಳನ್ನೂ ಸಮಸ್ಯೆಗಳನ್ನೂ ಕುರಿತು ಬರೆದ ಗ್ರಂಥ 2006ರಲ್ಲಿ ಪ್ರಕಟವಾಯಿತು. ಚಿತ್ರಕಲಾವಿದ ಗಂಜೀಫಾ ರಘುಪತಿ ಭಟ್ಟರು ಆ ದುಂಡೆಲೆಗಳ ಚಿತ್ರಣಕ್ಕೆ ಮರುಜೀವ ಕೊಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾಕೌಶಲ್ಯ’ವೆಂಬ ಪ್ರದರ್ಶನಗಳಲ್ಲಿ ಹಳೆಯ ಹಾಸುಗಳನ್ನೂ ಕಾಯಿಗಳನ್ನೂ ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿತು. ಬರೆದಿಡದೆ ಹೋಗಿದ್ದರೆ ಇವರಾರಿಗೂ ಹಿಡಿಯಲು ಎಳೆಯೇ ಸಿಗುತ್ತಿರಲಿಲ್ಲ.

ಮಹಾರಾಜರ ಇನ್ನೊಂದು ಆಟವೂ ಕಡೆಗೆ ಫಲಿಸಿತು. ಔರಸಪುತ್ರನಿಲ್ಲದ ಅವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತುಪುತ್ರನಿಗೆ ರಾಜ್ಯವನ್ನು ಒಪ್ಪಿಸಲಾಗುವುದೆಂದು 1867ರಲ್ಲಿ ಲಂಡನ್ನಿನಿಂದ ನಿರ್ಣಯ ಬಂದಿತು. 1868ರ ಮಾರ್ಚ್ 27ರಂದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮುಮ್ಮಡಿಯವರು ಕಣ್ಣುಮುಚ್ಚಿದರು. ರಾಜ್ಯ ಅರಸುಮನೆಗೆ ಮರಳಿದುದು 1881ರ ಮಾರ್ಚ್ 25ರಂದು. ತನ್ನ ಕಾಯಿ ಹಣ್ಣಾಗದಿದ್ದರೂ ಮುಂದಿನ ಕಾಯಿಗೆ ದಾರಿ ಬಿಡಿಸಿಟ್ಟು ಎದ್ದುಹೋದ ಆಟಗಾರನ ನಿದಾನ ಅದು.

ಅರಮನೆಯ ಮಾತು ಅಲ್ಲಿಗಿರಲಿ. ಮಧುರೆಯಂತಹ ಊರುಗಳ ಜಗಲಿಗಳ ಮೇಲೂ ಗುಡಿಯ ಕಲ್ಲುಹಾಸುಗಳ ಮೇಲೂ ಆಟದ ಗೆರೆಗಳನ್ನು ಕೊರೆದವರು ಹಿಂದೆ ಇದ್ದರು. ಅವರಿಗೆ ಗ್ರಂಥವೂ ಇಲ್ಲ, ಅಂಕಿತವೂ ಇಲ್ಲ. ಹುಲಿಕುರಿ, ಅಳಗುಳಿಮಣೆ, ಚೌಕಾಬಾರ ಇವುಗಳ ಕರ್ತೃ ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ ಎಂಬುದು ಅಜ್ಜಿಯರ ನಾಲಿಗೆಯಲ್ಲಿ ಮಾತ್ರ ಬದುಕಿರುವ ನಿಯಮ. ಒಂದೂರಿನ ಕಟ್ಟೆಮನೆಗೂ ಇನ್ನೊಂದೂರಿನ ಕಟ್ಟೆಮನೆಗೂ ಅಲ್ಪಸ್ವಲ್ಪ ವ್ಯತ್ಯಾಸವಿರುವುದು ಸರ್ವೇಸಾಮಾನ್ಯ. ಆ ವ್ಯತ್ಯಾಸಗಳೇ ಆ ಊರುಗಳ ಸಹಿ. ಹುಣಸೆಬೀಜ ಉಜ್ಜಿ ದಾಳ ಮಾಡಿಕೊಂಡ ಮಕ್ಕಳು ಬೆಳೆದು ಪಟ್ಟಣ ಸೇರಿದ್ದಾರೆ; ಅವರ ಮಕ್ಕಳು ಬೆಂಗಳೂರಿನ ಕೆಫೆಗಳಲ್ಲಿ ಹೊರದೇಶದ ಆಟಗಳನ್ನು ಹಣಕೊಟ್ಟು ಆಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಬೇಸಿಗೆಯ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಒಂದು ನೋಟುಪುಸ್ತಕವನ್ನೂ ಕೊಂಡೊಯ್ದು, ಅವರು ಬಲ್ಲ ಆಟಗಳ ಹಾಸನ್ನು ಬರೆದು, ಕಾಯಿಯ ಲೆಕ್ಕವನ್ನೂ ಕಡಿಯುವ ನಿಯಮವನ್ನೂ ಕೇಳಿ ಗುರುತುಮಾಡಿಕೊಂಡರೆ, ಅದೂ ಒಂದು ಕೌತುಕನಿಧಿಯೇ ಆದೀತು. ಅದಕ್ಕೆ ಆಸ್ಥಾನ ಬೇಡ, ಪಂಡಿತರೂ ಬೇಡ. ಒಂದು ಮಧ್ಯಾಹ್ನ ಸಾಕು.